ಗಾಂಧಿ ಕ್ಲಾಸಿನ ನೋಟ

ಪರರ ಬರಹಗಳನ್ನು ತಿದ್ದುವುದರಲ್ಲಿಯೇ ದಿನಗಳೆಯುವ ಸಂಪಾದಕನಿಗೆ ತನ್ನ ಸಂತೋಷಕ್ಕೆಂದೇ ಓದುವ, ನೋಡುವ, ಕೇಳುವ ಅವಕಾಶವು ದುರ್ಲಭವಾದುದು. ಈ ಬೇಸಗೆಯಲ್ಲಿ ಅಂತಹ ಬಿಡುವು ದೊರೆತಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಸಂಬಂಧಪಟ್ಟುದನ್ನಲ್ಲದೆ ಬೇರೇನನ್ನೂ ಮುಟ್ಟಲಾರೆನೆಂದು ನಿಶ್ಚಯಿಸಿದೆನು.

ಕೊಟ್ಟೂರಿನ ಕುಂ. ವೀರಭದ್ರಪ್ಪನವರು ತಮ್ಮ ಆತ್ಮಕಥೆಗೆ ‘ಗಾಂಧಿ ಕ್ಲಾಸು’ ಎಂದು ಹೆಸರಿಟ್ಟಿರುವರು. ಟೆಂಟು ಸಿನಿಮಾದ ಗಾಂಧಿ ಕ್ಲಾಸಿನಲ್ಲಿ, ಎಂದರೆ ನೆಲದ ಮೇಲೆ, ಕುಳಿತು, ಕತ್ತೆತ್ತಿ ಪರದೆಯನ್ನು ನೋಡುವವನ ಆ ದೃಷ್ಟಿಯೇ, 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾದ ಅವರ ‘ಅರಮನೆ’ಯದೂ ಆಗಿದೆಯೆಂಬುದು ಈ ಸಲದ ಓದಿನಲ್ಲಿ ಮನವರಿಕೆಯಾಯಿತು. 1800ರಲ್ಲಿ ಕಂಪನಿ ಸರಕಾರದ ವಶವಾದ ಈ ಸೀಮೆಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಆ ಕಾದಂಬರಿಯ ಪಾತ್ರಗಳಲ್ಲೊಬ್ಬನು. ಇತಿಹಾಸಕಾರರು ದಫ್ತರಗಳ ಮೂಲಕ ಕಾಣುವ ಆ ದೊರೆಯನ್ನು ಇಲ್ಲಿ ಹಸಿದ ಜನರ ಕಣ್ಣು ಅಳೆಯುತ್ತದೆ. ಗ್ರಂಥದ ಅತಿವಿಸ್ತಾರವು ಓದುಗನನ್ನು ದಣಿಸುವುದೆಂಬ ಆಕ್ಷೇಪವು ನನ್ನದೂ ಹೌದು. ಆದರೂ ಅದರ ಗದ್ದಲವಿಲ್ಲದೆ ಈ ನಾಡಿನ ಚಿತ್ರವು ಪೂರ್ಣವಾಗದು.

ಇದೇ ಲೇಖಕರ ಕಥೆಗಳಿಂದ ಎರಡು ಉತ್ತಮ ಚಿತ್ರಗಳು ಜನಿಸಿವೆ. ನಾಗತಿಹಳ್ಳಿ ಚಂದ್ರಶೇಖರರ ‘ಕೊಟ್ರೇಶಿ ಕನಸು’ ದಲಿತ ಬಾಲಕನೊಬ್ಬನ ವಿದ್ಯೆಯ ಹಂಬಲವನ್ನು ನೇರವಾಗಿ, ಸ್ವಲ್ಪ ಏರುದನಿಯಲ್ಲಿಯೇ ಹೇಳುತ್ತದೆ. ಗಿರೀಶ ಕಾಸರವಳ್ಳಿಯವರ ‘ಕೂರ್ಮಾವತಾರ’ದಲ್ಲಿಯಾದರೋ, ಮಹಾತ್ಮನ ಮುಖಚ್ಛಾಯೆಯುಳ್ಳ ಕಛೇರಿಯ ಗುಮಾಸ್ತನು ಧಾರಾವಾಹಿಯೊಂದರಲ್ಲಿ ಗಾಂಧಿಯ ವೇಷ ಧರಿಸಿ, ಜನರೆಲ್ಲ ತನ್ನಿಂದ ಗಾಂಧಿಯನ್ನೇ ಅಪೇಕ್ಷಿಸತೊಡಗಿದಾಗ ತತ್ತರಿಸುತ್ತಾನೆ. ವೀರಭದ್ರಪ್ಪನವರ ಆರ್ಭಟವು ಕಾಸರವಳ್ಳಿಯವರ ಕೈಯಲ್ಲಿ ಮೌನವಾಗಿ ಪರಿಣಮಿಸಿದ ಬಗೆಯು ವಿಸ್ಮಯಕರವಾದುದು. ಎರಡರಲ್ಲಿ ಒಂದನ್ನೇ ಆರಿಸೆಂದರೆ ನಾನು ಎರಡನೆಯದನ್ನು ಆರಿಸುವೆನು.

1913ರಲ್ಲಿ ಹರಪನಹಳ್ಳಿಯಲ್ಲಿ ಜನಿಸಿದ ಹಾಸ್ಯಲೇಖಕ ಬೀಚಿಯವರ ಆತ್ಮಕಥೆ ‘ನನ್ನ ಭಯಾಗ್ರಫಿ’ಯನ್ನು ಪ್ರಶಂಸಿಸಲು ಹೊರಟರೆ ಅವರ ಹಾಸ್ಯಪಾತ್ರವಾದ ತಿಮ್ಮನೇ ನಕ್ಕಾನೆಂಬ ಭಯದಿಂದ ಅದರ ಹೆಸರನ್ನಷ್ಟೇ ಹೇಳಿ ಮುಂದುವರಿಯುತ್ತೇನೆ.

ಕತ್ತೆತ್ತಿಯೇ ನೋಡಬೇಕಾದ ಮತ್ತೊಂದು ವಸ್ತು ತುಂಗಭದ್ರೆಯ ದಡದ ಕುರುವತ್ತಿಯಲ್ಲಿದೆ. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯದ ಕಂಬಗಳ ಮೇಲೆ ಛಾವಣಿಯ ಭಾರವನ್ನು ಲೆಕ್ಕಿಸದೆ ಬಳುಕಿ ನಿಂತಿರುವ ಮದನಿಕೆಯರು ಕಲ್ಯಾಣ ಚಾಲುಕ್ಯರ ಕಾಲದವರು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಗುಡಿಯ ಶಿಲಾಬಾಲಿಕೆಯರಿಗೆ ಹಿರಿಯಕ್ಕಂದಿರು. ತಂಗಿಯರನ್ನು ನೋಡಲು ಬಸ್ಸುಗಟ್ಟಲೆ ಹೋಗುವ ನಮ್ಮ ಜನ ಅಕ್ಕಂದಿರನ್ನು ಮರೆತಿರುವುದು ನ್ಯಾಯವಲ್ಲ.

ಕೊನೆಯದಾಗಿ ಸಂಗೀತ. ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಹಾಡಿದ 19ನೆಯ ಶತಮಾನದ ಹರಪನಹಳ್ಳಿ ಭೀಮವ್ವನವರು ಹುಟ್ಟಿದ ನಾರಾಯಣದೇವರಕೆರೆಯು ತುಂಗಭದ್ರಾ ಜಲಾಶಯದಲ್ಲಿ ಮುಳುಗಿಹೋಯಿತು. ಹಾಡುಗಳು ಮಾತ್ರ ಹೆಂಗಸರ ಕಂಠದಲ್ಲಿ ಉಳಿದವು. ಕಛೇರಿಯ ವೇದಿಕೆಯ ಮೇಲೆ ಅವುಗಳಿಗೆ ತೊಡಿಸುವ ರಾಗಾಲಾಪನೆಗಿಂತ, ಆರತಿಯ ಹೊತ್ತಿಗೆ ಮುದುಕಿಯರು ಶ್ರುತಿಯ ಹಂಗಿಲ್ಲದೆ ಹೇಳುವ ಧಾಟಿಯೇ ನನಗೆ ಪ್ರಿಯವಾದುದು. ಮುದ್ರಿತ ಪುಸ್ತಕಗಳಲ್ಲಿ ಪದಗಳು ದೊರೆಯುವುವು, ಧಾಟಿಯು ದೊರೆಯದು. ಆದಕಾರಣ, ಈ ಹಾಡುಗಳನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿರುವ ಓದುಗರು ಅವರ ಹಾಡಿಕೆಯನ್ನು ಈ ವರ್ಷವೇ ಧ್ವನಿಮುದ್ರಿಸಿಟ್ಟು, ಒಂದು ಪ್ರತಿಯನ್ನು ನಮ್ಮ ಕಾರ್ಯಾಲಯಕ್ಕೂ ಕಳುಹಿಸಬೇಕಾಗಿ ಪ್ರಾರ್ಥನೆ.