ರೋಡ್ ರೋಲರ್ ಕೆಳಗೆ ಯಾರ ಸೈಲೆನ್ಸರ್?

ವರ್ಷಕ್ಕೆ ಎರಡು ಮೂರು ಸಲವಾದರೂ ಆ ವಿಡಿಯೋ ನನ್ನ ಫೋನಿಗೆ ಬಂದೇ ಬರುತ್ತದೆ. ಊರು ಬೇರೆ ಬೇರೆ, ದೃಶ್ಯ ಅದೇ. ರಸ್ತೆ ಮೇಲೆ ಸಾಲಾಗಿ ಜೋಡಿಸಿದ ಸೈಲೆನ್ಸರ್‌ಗಳು, ಅವುಗಳ ಮೇಲೆ ನಿಧಾನಕ್ಕೆ ಹಾಯುವ ರೋಡ್ ರೋಲರ್, ಪಕ್ಕದಲ್ಲಿ ಪೊಲೀಸ್ ಅಧಿಕಾರಿಗಳು, ಹಿನ್ನೆಲೆಗೆ ಯಾವುದೋ ಮಾಸ್ ಸಿನಿಮಾದ ಮ್ಯೂಸಿಕ್. ಕೆಳಗೆ ಕಾಮೆಂಟು: 'ಸರಿಯಾಗಿ ಮಾಡಿದ್ರಿ ಸಾರ್'.

ಮೊದಲೇ ಹೇಳಿಬಿಡ್ತೀನಿ. ರಾತ್ರಿ ಹನ್ನೊಂದಕ್ಕೆ ಓಣಿಯಲ್ಲಿ ಪಟಪಟ ಸಿಡಿಸಿಕೊಂಡು ಹೋಗುವವರ ಪರ ನಾನಿಲ್ಲ. ನಮ್ಮ ಮನೆಯಲ್ಲೂ ನಿದ್ದೆ ಬಾರದ ಅಜ್ಜಿ ಇದ್ದಾರೆ. ಶಬ್ದಕ್ಕೆ ಮಿತಿ ಇರಬೇಕು, ದಂಡವೂ ಬೀಳಬೇಕು. ಆದರೆ ಆ ರೋಲರ್ ಸದ್ದಿನಲ್ಲಿ ಇನ್ನೊಂದು ಮಾತು ಮುಚ್ಚಿಹೋಗ್ತಿದೆ. ಬೈಕನ್ನು ತನಗೆ ಬೇಕಾದ ಹಾಗೆ ಕಟ್ಟಿಕೊಳ್ಳುವ ಹಕ್ಕು ಈ ದೇಶದಲ್ಲಿ ಯಾರಿಗಿದೆ?

ಕಾನೂನು ಹೇಳೋದು ಸರಳ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಗಳಿಗೂ ಆರ್‌ಸಿಗೂ ತಾಳೆಯಾಗದಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು: ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಈಗ ಮೈಸೂರಿಗೆ ಬನ್ನಿ. ನಮ್ಮ ಚಿಕ್ಕಪ್ಪನ ಯೆಜ್ಡಿ ರೋಡ್ ಕಿಂಗ್ ಎಷ್ಟೋ ವರ್ಷ ಕೊಟ್ಟಿಗೆಯಲ್ಲಿ ತುಕ್ಕು ತಿನ್ನುತ್ತಾ ನಿಂತಿತ್ತು. ಅದನ್ನು ನಾನು ತಳ್ಳಿಕೊಂಡು ಹೋದದ್ದು ಒಬ್ಬ ಮೆಕ್ಯಾನಿಕ್ ಅಣ್ಣನ ಹತ್ತಿರ. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರ ಕೈಕೆಳಗೆ ಕೆಲಸ ಕಲಿತ ಮನುಷ್ಯ. 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಈ ಊರೇ ಕಟ್ಟಿ ದೇಶಕ್ಕೆಲ್ಲ ಕಳಿಸಿತ್ತು. ಕಾರ್ಖಾನೆಗೆ ಬೀಗ ಬಿದ್ದರೂ ಕೈಗೆ ಹತ್ತಿದ ವಿದ್ಯೆ ಎಲ್ಲಿಗೆ ಹೋಗುತ್ತೆ? ಸಣ್ಣ ಸಣ್ಣ ಗ್ಯಾರೇಜುಗಳಿಗೆ ಬಂತು. ಅಣ್ಣ ಹಿಂದಿನ ಮಡ್‌ಗಾರ್ಡ್ ಗಿಡ್ಡ ಮಾಡಿ, ಉದ್ದ ಸೀಟು ತೆಗೆದು ಒಂಟಿ ಸೀಟು ಕೂರಿಸಿ, ಹ್ಯಾಂಡಲ್ ತಗ್ಗಿಸಿದರು. ಸೈಲೆನ್ಸರ್ ಮುಟ್ಟಲಿಲ್ಲ. 'ಎರಡು ಸೈಲೆನ್ಸರ್ ಇರೋದೇ ಇದರ ಅಂದ, ಅದನ್ನ ಕೆಡಿಸಬಾರದಪ್ಪ' ಅಂದರು.

ಕಾನೂನಿನ ಕಣ್ಣಲ್ಲಿ ಅದು ಅಪರಾಧ. ಆದರೆ 2019ರಲ್ಲಿ ಹೊಸ ಜಾವಾ ಕಂಪನಿ ಪೆರಾಕ್ ಎಂಬ ಬೈಕ್ ತಂತು. ಒಂಟಿ ಸೀಟು, ಗಿಡ್ಡ ಮಡ್‌ಗಾರ್ಡ್, ಕಪ್ಪು ಬಣ್ಣ. ಅದನ್ನು ಕರೆದದ್ದು 'ಫ್ಯಾಕ್ಟರಿ ಕಸ್ಟಮ್' ಅಂತ. ರಾಯಲ್ ಎನ್‌ಫೀಲ್ಡ್ 2024ರಲ್ಲಿ ತಂದ ಶಾಟ್‌ಗನ್ 650 ಕೂಡ ಗ್ಯಾರೇಜಿನಲ್ಲಿ ಕಟ್ಟಿದ ಬೈಕಿನ ವೇಷದ್ದೇ. ಕಂಪನಿಗಳದ್ದು ತಪ್ಪು ಅಂತಿಲ್ಲ, ಅವು ಪರೀಕ್ಷೆ ಮಾಡಿಸಿ, ಅನುಮೋದನೆ ಪಡೆದು ಮಾರುತ್ತವೆ. ಆದರೆ ಅದೇ ಮಡ್‌ಗಾರ್ಡನ್ನು ಶೋರೂಮು ಕತ್ತರಿಸಿದರೆ ಡಿಸೈನು, ಅಣ್ಣ ಕತ್ತರಿಸಿದರೆ ಕೇಸು. ನಡುವೆ ದಾರಿಯೇ ಇಲ್ಲ.

ಇದು ಹೊಸ ಕಥೆಯೇನಲ್ಲ. ಕೆಫೆ ರೇಸರ್ ಹುಟ್ಟಿದ್ದು 1950-60ರ ದಶಕದ ಇಂಗ್ಲೆಂಡಿನಲ್ಲಿ, ಹೆಚ್ಚಾಗಿ ದುಡಿಯುವ ವರ್ಗದ ಹುಡುಗರ ಕೈಯಲ್ಲಿ. ಆಗ ಪತ್ರಿಕೆಗಳು ಅವರನ್ನು ಪುಂಡರೆಂದೇ ಬರೆದವು. 1969ರ 'ಈಸಿ ರೈಡರ್' ಸಿನಿಮಾದ ಚಾಪರ್ ಬೈಕುಗಳ ಚಿತ್ರ ಇವತ್ತಿಗೂ ಟೀ ಶರ್ಟ್ ಮೇಲೆ ಬರುತ್ತೆ. ಅವುಗಳ ಹಿಂದಿದ್ದವರು ಬೆನ್ ಹಾರ್ಡಿ ಮತ್ತು ಕ್ಲಿಫರ್ಡ್ ವಾಸ್, ಇಬ್ಬರೂ ಕಪ್ಪುವರ್ಣೀಯರು. ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಅವರ ಹೆಸರಿಲ್ಲ. ಕೆಳಗಿನವರು ಕಟ್ಟಿದ್ದನ್ನು ಮೊದಲು ಬೈದು, ಆಮೇಲೆ ಪ್ಯಾಕ್ ಮಾಡಿ ಮಾರುವುದು ಹಳೇ ಚಾಳಿ.

ನಮ್ಮವರ ಸ್ಟೈಲೂ ಎಲ್ಲವೂ ಸ್ವಂತದ್ದಲ್ಲ ಬಿಡಿ. ಇನ್‌ಸ್ಟಾಗ್ರಾಂ ತೆಗೆದರೆ ಕಂದು ಸೀಟು, ದುಂಡು ಎಲ್‌ಇಡಿ, ಮ್ಯಾಟ್ ಕಪ್ಪು, ಮತ್ತೆ ಅದೇ. ಕೆಸರನ್ನೇ ಕಾಣದ ಸ್ಕ್ರಾಂಬ್ಲರ್ ಟೈರುಗಳು. ಕ್ಲಿಪ್-ಆನ್ ಹ್ಯಾಂಡಲ್ ಹಾಕಿಸಿಕೊಂಡು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸೊಂಟ ಹಿಡಿದು ನಿಂತವರನ್ನು ನಾನೇ ನೋಡಿದ್ದೀನಿ. ನನ್ನ ಕಣ್ಣಿಗೆ ನಿಜವಾದ ಕಸ್ಟಮ್ ಬೈಕ್ ಅಂದರೆ ಹಾಲಿನ ಕ್ಯಾನು ನೇತುಹಾಕಲು ಕೊಕ್ಕೆ ಬೆಸೆದ ಟಿವಿಎಸ್ ಎಕ್ಸೆಲ್. ಅದಕ್ಕೆ ಯಾರೂ ಲೈಕ್ ಕೊಡೋದಿಲ್ಲ.

'ವೆಲ್ಡಿಂಗ್ ಬಿಟ್ಟುಕೊಂಡು ಸತ್ತರೆ ಯಾರು ಹೊಣೆ?' ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಫ್ರೇಮ್ ಕುಯ್ದ ಬೈಕಿಗೆ ಪರೀಕ್ಷೆ ಇರಲೇಬೇಕು. ಬ್ರಿಟನ್‌ನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಬೈಕನ್ನೂ ತಪಾಸಣೆಗೆ ಒಪ್ಪಿಸಿ ಅನುಮೋದನೆ ಪಡೆಯುವ ವ್ಯವಸ್ಥೆ ಇದೆ. ಜರ್ಮನಿಯಲ್ಲಿ ತಜ್ಞರು ಮಾರ್ಪಾಡು ಪರಿಶೀಲಿಸಿ ಒಪ್ಪಿದರೆ ಅದು ಗಾಡಿಯ ದಾಖಲೆಗೇ ಸೇರುತ್ತೆ. ನಮ್ಮ 52ನೇ ಸೆಕ್ಷನ್ ಕೂಡ ಅಂಗವಿಕಲರಿಗಾಗಿ ವಾಹನ ಮಾರ್ಪಡಿಸಲು ಜಾಗ ಬಿಟ್ಟಿದೆ. ಅಂದರೆ ದಾರಿ ಮಾಡೋದು ಅಸಾಧ್ಯವಲ್ಲ. ಆರ್‌ಟಿಒ ಕಚೇರಿಯಲ್ಲಿ ಬ್ರೇಕು, ಲೈಟು, ಫ್ರೇಮು, ಶಬ್ದ ನೋಡಿ, ಶುಲ್ಕ ಕಟ್ಟಿಸಿಕೊಂಡು, ಗ್ಯಾರೇಜಿನ ಹೆಸರು ಬರೆದು ಸೀಲು ಹಾಕಲಿ. ಆಗ ಹೊಣೆಗಾರನೂ ಸಿಗುತ್ತಾನೆ. ಈಗ ಎಲ್ಲ ಕದ್ದುಮುಚ್ಚಿ ನಡೆಯೋದರಿಂದಲೇ ಯಾರ ವೆಲ್ಡಿಂಗು ಅಂತ ಯಾರೂ ಹೇಳಲ್ಲ.

ಕಾನೂನು ಎಲ್ಲರಿಗೂ ಒಂದೇ ಅನ್ನೋರಿಗೆ ಇನ್ನೊಂದು ವಿಷಯ. ಕಾರು, ಎಸ್‌ಯುವಿಗಳ ಮುಂದೆ ಹಾಕಿಸುವ ಬುಲ್ ಬಾರ್ ಪಾದಚಾರಿಗಳಿಗೆ ಅಪಾಯ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದು, ಕ್ರಮ ಕೈಗೊಳ್ಳಿ ಅಂದಿತ್ತು. ಮುಖಂಡರ ಫೋಟೋ ಅಂಟಿಸಿಕೊಂಡ ಗಾಡಿಗಳ ಮೂತಿಯಲ್ಲಿ ಅದು ಇನ್ನೂ ಮಿರುಗ್ತಾ ಇದೆ. ಸಾಲಾಗಿ ಜೋಡಿಸಿದ ಬುಲ್ ಬಾರ್‌ಗಳ ಮೇಲೆ ರೋಲರ್ ಹತ್ತಿಸಿದ ವಿಡಿಯೋ ನನಗಂತೂ ಬಂದಿಲ್ಲ. ನಿಮಗೆ ಬಂದಿದ್ರೆ ಕಳಿಸಿ.

ಕಳೆದ ತಿಂಗಳು ಅಣ್ಣನ ಗ್ಯಾರೇಜಿಗೆ ಹೋಗಿದ್ದೆ. ಬೀದಿಯಲ್ಲಿ ಚೆಕಿಂಗ್ ಜೋರಾದ ಮೇಲೆ ನನ್ನ ಯೆಜ್ಡಿಗೆ ಉದ್ದ ಸೀಟು, ಉದ್ದ ಮಡ್‌ಗಾರ್ಡ್ ವಾಪಸ್ ಹಾಕಿಸಿದೆ, ನನಗೂ ಧೈರ್ಯ ಸಾಲಲಿಲ್ಲ. ಗಿಡ್ಡ ಮಡ್‌ಗಾರ್ಡನ್ನು ಅಣ್ಣ ಎಸೆದಿಲ್ಲ, ಗೋಡೆಯ ಮೊಳೆಗೆ ತೂಗುಹಾಕಿದ್ದಾರೆ. ಅದರ ಪಕ್ಕದಲ್ಲೇ ಹೊಸದಾಗಿ ಬರೆಸಿದ ಬೋರ್ಡು: 'ಇಲ್ಲಿ ಸರ್ವೀಸ್ ಮಾತ್ರ. ಆಲ್ಟ್ರೇಶನ್ ಕೇಳಬೇಡಿ.'