ಪೋಸ್ಟ್‌ಡಾಕ್ ಅಂದರೆ ಓದೋದಲ್ಲ, ದೊಡ್ಡಪ್ಪ

ಸಾಗರದಿಂದ ದೊಡ್ಡಪ್ಪ ಫೋನ್ ಮಾಡಿದಾಗಲೆಲ್ಲ ಕೇಳೋದು ಒಂದೇ ಪ್ರಶ್ನೆ: "ಇನ್ನೂ ಓದ್ತಾನೇ ಇದೀಯೇನೋ?" ಪಿಎಚ್.ಡಿ. ಮುಗಿದು ವರ್ಷಗಳಾದವು. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಬಾಡಿಗೆ ಕೋಣೆ ಹಿಡಿದು ಪೋಸ್ಟ್‌ಡಾಕ್ ಆಗಿದ್ದೇನೆ. ನಾನು ಓದುವವನಲ್ಲ, ದುಡಿಯುವವನು. ಆದರೂ ದೊಡ್ಡಪ್ಪನ ಮೇಲೆ ಸಿಟ್ಟಿಲ್ಲ. ನಮ್ಮ ವಿಜ್ಞಾನದ ವ್ಯವಸ್ಥೆಯೇ ನಮ್ಮನ್ನು ಅತ್ತ ವಿದ್ಯಾರ್ಥಿಯೂ ಅಲ್ಲ, ಇತ್ತ ನೌಕರನೂ ಅಲ್ಲ ಅಂತ ನಡುವೆ ನಿಲ್ಲಿಸಿರುವಾಗ ಅವರನ್ನೇನು ಅನ್ನೋದು?

ನನ್ನ ಕೆಲಸ ಹಲವು ಪ್ರೋಟೀನುಗಳು ಸೇರಿ ಕಟ್ಟಿಕೊಂಡ ದೊಡ್ಡ ಕೂಟಗಳನ್ನು ಎನ್‌ಎಂಆರ್ ವಿಧಾನದಿಂದ ಪರೀಕ್ಷಿಸುವುದು. ಆಸ್ಪತ್ರೆಯ ಎಂಆರ್‌ಐ ಕೂಡ ಇದೇ ತತ್ವದ್ದು. ಬಲವಾದ ಅಯಸ್ಕಾಂತದೊಳಗೆ ಪ್ರೋಟೀನಿನ ದ್ರಾವಣ ಇಟ್ಟು ರೇಡಿಯೋ ತರಂಗ ಹಾಯಿಸಿದರೆ ಪರಮಾಣು ಬೀಜಗಳು ಉತ್ತರ ಕೊಡುತ್ತವೆ. ಚಿಕ್ಕ ಅಣು ನೀರಿನಲ್ಲಿ ಚುರುಕಾಗಿ ಉರುಳುತ್ತದೆ, ಉತ್ತರ ಸ್ಪಷ್ಟವಾಗಿರುತ್ತದೆ. ದೊಡ್ಡದು ನಿಧಾನವಾಗಿ ಉರುಳುತ್ತದೆ, ಅದರ ಸದ್ದು ಹುಟ್ಟುತ್ತಲೇ ಅಡಗುತ್ತದೆ. 1997ರಲ್ಲಿ ಸ್ವಿಟ್ಜರ್ಲೆಂಡಿನ ಕುರ್ಟ್ ವ್ಯೂಥ್ರಿಕ್ ಅವರ ತಂಡ ಇದಕ್ಕೆ ಟ್ರೋಸಿ ಎಂಬ ಉಪಾಯ ಕಂಡುಹಿಡಿಯಿತು. 2007ರಲ್ಲಿ ಟೊರಾಂಟೊದ ಲೂಯಿಸ್ ಕೇ ಅವರ ಪ್ರಯೋಗಾಲಯದಿಂದ 670 ಕಿಲೋಡಾಲ್ಟನ್ ತೂಕದ ಪ್ರೋಟಿಯಾಸೋಮಿನ ಅಧ್ಯಯನ ಬಂತು. ಜೀವಕೋಶದಲ್ಲಿ ಬೇಡವಾದ ಪ್ರೋಟೀನನ್ನು ಕತ್ತರಿಸಿ ಹಾಕುವ ಯಂತ್ರ ಅದು. ಅದನ್ನು ತಡೆಯುವ ಬೋರ್ಟೆಜೋಮಿಬ್ ಮೂಳೆಮಜ್ಜೆಯ ಒಂದು ಕ್ಯಾನ್ಸರಿಗೆ ಔಷಧ. ಆ ಪ್ರಬಂಧದ ಮೊದಲ ಹೆಸರು ರೆಮ್ಕೊ ಸ್ಪ್ರಾಂಗರ್ಸ್. ಆಗ ಅವರು ಯಾರು ಅಂತೀರಿ? ಪೋಸ್ಟ್‌ಡಾಕ್!

ಇಂಥ ಮಾದರಿ ತಯಾರಿಸಲು ಬ್ಯಾಕ್ಟೀರಿಯಾವನ್ನು ಭಾರಜಲದಲ್ಲಿ ಬೆಳೆಸಬೇಕು. ಅದು ಅಲ್ಲಿ ಕುಂಟುತ್ತಾ ಬೆಳೆಯುತ್ತದೆ. ಶುದ್ಧ ಮಾಡುವಷ್ಟರಲ್ಲಿ ಕೂಟ ಕಳಚಿಬಿದ್ದರೆ ಮತ್ತೆ ಮೊದಲಿನಿಂದ. ಯಾವ ಸಂಕೇತ ಯಾವ ಪರಮಾಣುವಿನದು ಎಂದು ತಿಳಿಯಲು ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ ನೋಡಬೇಕು. ನನಗೆ ಅದಕ್ಕೇ ಹದಿನಾರು ತಿಂಗಳು ಹಿಡಿಯಿತು. ನಮ್ಮಲ್ಲಿ ಫೆಲೋಶಿಪ್ ಅಂದರೆ ಸಾಮಾನ್ಯವಾಗಿ ಎರಡು ವರ್ಷ. ಉಳುಮೆ ಮುಗಿದು ಬೀಜ ಬಿತ್ತುವ ಹೊತ್ತಿಗೆ ಗದ್ದೆ ಬಿಡು ಅಂದಹಾಗೆ!

ನನ್ನ ಕೋಣೆಯ ಹತ್ತಿರವೇ ವಿಶ್ವಕರ್ಮ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. 2008ರಲ್ಲಿ ಗಾಂಧಿನಗರದ ಐಐಟಿ ಶುರುವಾಗಿದ್ದು ಅದರ ಆವರಣದಲ್ಲಿ, ಎರವಲು ಜಾಗದಲ್ಲಿ. ಸಾಬರಮತಿ ದಂಡೆಯ ಪಾಲಜ್‌ಗೆ ಹೋಗಲು ಸುಮಾರು ಏಳು ವರ್ಷ ಬೇಕಾಯಿತು. ಯಾರೂ "ಎರಡು ವರ್ಷ ಆಯ್ತು, ಬಾಗಿಲು ಹಾಕಿ" ಅನ್ನಲಿಲ್ಲ. ಅನ್ನದಿದ್ದುದು ಸರಿಯೇ. ಕಟ್ಟಡಕ್ಕೆ ತೋರಿಸುವ ತಾಳ್ಮೆಯನ್ನು ಕಟ್ಟಡದೊಳಗೆ ದುಡಿಯುವವನಿಗೂ ತೋರಿಸಿ ಅನ್ನೋದಷ್ಟೇ ನನ್ನ ಜಗಳ.

"ಈಗ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇದೆಯಲ್ಲ, ನಿಮ್ಮದು ಯಾಕೆ?" ಎನ್ನುವವರಿದ್ದಾರೆ. 2017ರ ನೊಬೆಲ್ ಅದಕ್ಕೇ ಬಂತು, ಒಪ್ಪಿದೆ. ಆದರೆ ಯಕ್ಷಗಾನದ ಫೋಟೋ ನೋಡಿದರೆ ವೇಷ ತಿಳಿಯುತ್ತದೆ, ಕುಣಿತ ತಿಳಿಯೋದಿಲ್ಲ. ಪ್ರೋಟೀನಿನ ಕುಣಿತ ಹಿಡಿಯುವುದರಲ್ಲಿ ಎನ್‌ಎಂಆರ್ ಕೈ ಮೇಲು.

ಇದು ಪರದೇಶದವರ ವಿದ್ಯೆ ಅಂತಲೂ ತಿಳಿಯಬೇಡಿ. ಪ್ರೋಟೀನ್ ರಚನೆ ಬಿಡಿಸಲು ದಾರಿ ತೆರೆದ 1980ರ ಪ್ರಬಂಧದಲ್ಲಿ ವ್ಯೂಥ್ರಿಕ್ ಮತ್ತು ರಿಚರ್ಡ್ ಅರ್ನ್‌ಸ್ಟ್ ಅವರಿಗಿಂತ ಮುಂಚೆ ಇರುವ ಹೆಸರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಮಾರ್ ಅವರದು.

ಪುಕ್ಕಟೆ ಕೊಡಿ ಅಂತ ಯಾರೂ ಕೇಳುತ್ತಿಲ್ಲ. ನಾಲ್ಕು ವರ್ಷ ಕೊಡಿ. ನಡುವೆ ಒಮ್ಮೆ ಬಿಗಿಯಾಗಿ ಪರೀಕ್ಷಿಸಿ, ಕೆಲಸ ಆಗದವನನ್ನು ಊರಿಗೆ ಕಳಿಸಿ. ಆಗುತ್ತಿರುವವನನ್ನು ಮಾತ್ರ ಅರ್ಧಕ್ಕೆ ಎಬ್ಬಿಸಬೇಡಿ. ಎಬ್ಬಿಸಿದರೆ ಅವನು ವಿಮಾನ ಹತ್ತುತ್ತಾನೆ. ಆಮೇಲೆ "ಪ್ರತಿಭೆ ಹೊರಗೆ ಹೋಯ್ತು" ಅಂತ ಭಾಷಣ ಮಾಡಬೇಡಿ.

ನನ್ನ ಅವಧಿ ಮುಗಿಯಲು ಇನ್ನು ಐದು ತಿಂಗಳಿದೆ. ದೊಡ್ಡಪ್ಪನ ಮುಂದಿನ ಪ್ರಶ್ನೆಗೆ ಏನು ಹೇಳಲಿ?