ಬಾಣಂತಿ ಕೋಣೆಯ ಕೆಂಡ

ಜುಲೈ ತಿಂಗಳ ಮಳೆ. ಮಡಿಕೇರಿಯಲ್ಲಿ ಪರಿಚಿತರ ಮನೆಗೆ ಬಾಣಂತಿಯನ್ನು ನೋಡಲು ಹೋಗಿದ್ದೆ. ಹೊಸ ಟೆರೇಸ್ ಮನೆ. ಕೋಣೆಯ ಕಿಟಕಿ ಗಾಳಿ ನುಸುಳದಂತೆ ಮುಚ್ಚಿತ್ತು. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ತುರುಕಿದ್ದರು. ಮಂಚದ ಪಕ್ಕ ಕಬ್ಬಿಣದ ಬಾಣಲೆಯಲ್ಲಿ ಕೆಂಡ.

"ಎರಡು ದಿನದಿಂದ ತಲೆ ಸಿಡಿಯುತ್ತಿದೆ ಟೀಚರ್, ವಾಕರಿಕೆಯೂ ಇದೆ" ಎಂದಳು ಹುಡುಗಿ.

"ಹಸಿ ಬಾಣಂತಿ ಅಲ್ಲವಾ, ನಿತ್ರಾಣ" ಎಂದರು ಅವಳ ಅತ್ತೆ.

ನಾನು ಮೊದಲು ಕಿಟಕಿ ತೆರೆದೆ. ತಾಯಿ ಮಗುವನ್ನು ಹೊರಗೆ ಕರೆತಂದು, ಕೂಡಲೇ ಡಾಕ್ಟರಿಗೆ ತೋರಿಸಿ ಎಂದೆ. ಅತ್ತೆಗೆ ಬೇಸರವಾಯಿತು. "ನನ್ನ ಏಳು ಮಕ್ಕಳೂ ಇದೇ ಕೆಂಡದ ಬಿಸಿಯಲ್ಲಿ ಬೆಳೆದವರು, ಟೀಚರೇ."

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಏಳು ಮಕ್ಕಳು ಬೆಳೆದದ್ದು ಹೆಂಚಿನ ಮನೆಯಲ್ಲಿ.

ಬಿಎ ಓದಿದ ನಾನು ವಿಜ್ಞಾನದ ಪಾಠ ಹೇಳುವುದು ಸರಿಯೋ ಏನೋ. ಆದರೆ ಒಂದು ಅಗರಬತ್ತಿ ಹಚ್ಚಿ ನೋಡಲು ಯಾವ ಪದವಿಯೂ ಬೇಡ. ಫ್ಯಾನ್ ನಿಲ್ಲಿಸಿ ಹಚ್ಚಿ. ಹೊಗೆ ಮೊದಲು ನೇರ ಮೇಲೇರುತ್ತದೆ, ಆಮೇಲೆ ಸುರುಳಿಯಾಗಿ ಹರಡುತ್ತದೆ. ಕೆಂಡದ ಸುತ್ತಲಿನ ಗಾಳಿಯ ದಾರಿಯೂ ಇದೇ. ಬಿಸಿಯಾದ ಗಾಳಿ ಹಿಗ್ಗಿ ಹಗುರಾಗುತ್ತದೆ, ಮೇಲೇರಿ ಛಾವಣಿಗೆ ತಾಗಿ ಹರಡುತ್ತದೆ. ತಣ್ಣಗಿನ ಗೋಡೆ, ಕಿಟಕಿಯ ಗಾಜು ಮುಟ್ಟಿ ಆರಿದ ಮೇಲೆ ಕೆಳಗಿಳಿಯುತ್ತದೆ. ಹೀಗೆ ಕೋಣೆಯೊಳಗೆ ಸುತ್ತುತ್ತಲೇ ಇರುತ್ತದೆ. ಬಿಸಿಯ ದೊಡ್ಡ ಪಾಲು ಛಾವಣಿಯ ಕೆಳಗೇ ನಿಲ್ಲುವುದರಿಂದ ನೆಲ ತಣ್ಣಗೇ ಇರುತ್ತದೆ. ಕೆಂಡದ ಎದುರು ಕುಳಿತಾಗ ಮುಖಕ್ಕೆ ತಾಗುವ ಕಾವು ಬೇರೆ. ಅದು ಬಿಸಿಲಿನಂತೆ ನೇರವಾಗಿ ಬರುತ್ತದೆ, ಗಾಳಿ ಹೊತ್ತು ತರುವುದಲ್ಲ. ಹಾಗಾಗಿ ಮುಖ ಬೆಚ್ಚಗಾದರೂ ಬೆನ್ನು ತಣ್ಣಗೇ ಇರುತ್ತದೆ.

ಹೆಂಚಿನ ಮನೆಯಲ್ಲಿ ಈ ಗಾಳಿ ಸಂದುಗಳಿಂದ ಹೊರಗೆ ಹೋಗುತ್ತಿತ್ತು, ಅದರ ಜಾಗಕ್ಕೆ ಬಾಗಿಲಡಿಯಿಂದ ಹೊಸ ಗಾಳಿ ನುಗ್ಗುತ್ತಿತ್ತು. ಕಾವು ಪೋಲಾಗುತ್ತಿತ್ತು ನಿಜ, ಅದರ ಜೊತೆಗೆ ವಿಷವೂ ಬಹುಪಾಲು ಹೋಗುತ್ತಿತ್ತು. ಕಾಂಕ್ರೀಟಿನ ಕೋಣೆಯಲ್ಲಿ ಎರಡೂ ಉಳಿಯುತ್ತವೆ.

ವಿಷವೆಂದರೆ ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾಡದ ಕೆಂಡದಿಂದಲೂ ಇದು ಬರುತ್ತದೆ. 'ಹೊಗೆ ಹೋದ ಮೇಲೆಯೇ ಒಳಗೆ ತಂದೆವು' ಎನ್ನುವವರು ಇದನ್ನು ಗಮನಿಸಬೇಕು. ತೂಕದಲ್ಲಿ ಹೆಚ್ಚುಕಡಿಮೆ ಗಾಳಿಯಷ್ಟೇ ಇರುವುದರಿಂದ ಇದು ನೆಲದಲ್ಲೂ ನಿಲ್ಲದು, ಛಾವಣಿಯಲ್ಲೂ ನಿಲ್ಲದು. ಸುತ್ತುವ ಬಿಸಿಗಾಳಿಯ ಜೊತೆ ಇಡೀ ಕೋಣೆಯಲ್ಲಿ ಬೆರೆಯುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಇದರ ಮೊದಲ ಲಕ್ಷಣಗಳು. ಬಾಣಂತಿಯ ಆಯಾಸವೂ ಹೀಗೆಯೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮಂಪರಿನಲ್ಲಿ ನಿದ್ದೆ ಹೋದವರು ಏಳದೆಯೂ ಇರಬಹುದು. ಹಸುಗೂಸಂತೂ ತಲೆನೋವೆಂದು ಹೇಳಲಾರದು.

ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಎಷ್ಟು ತೆರೆದರೆ ಸಾಕೆಂದು ಯಾರೂ ಅಳೆದು ಹೇಳಲಾರರು. ಮಲಗುವ ಕೋಣೆಗೆ ಕೆಂಡವೇ ಬೇಡ.

ಹಾಗಾದರೆ ಮಗು ಬೆಚ್ಚಗಿರುವುದು ಹೇಗೆ? ಅದಕ್ಕೂ ಗಾಳಿಯೇ ಬೇಕು, ಅಲುಗಾಡದ ಗಾಳಿ. ಗಾಳಿ ಸುತ್ತುತ್ತಿದ್ದರೆ ಬಿಸಿಯನ್ನು ಹೊತ್ತೊಯ್ಯುತ್ತದೆ, ನಿಂತರೆ ತಡೆಯುತ್ತದೆ. ನಿಂತ ನೀರಿಗೆ ಹೋಲಿಸಿದರೆ ನಿಂತ ಗಾಳಿಯಲ್ಲಿ ಬಿಸಿ ಸಾಗುವುದು ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆಗಳು ಬೆಚ್ಚಗಿರುವುದು ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ತಲೆಗೊಂದು ಟೋಪಿ ಹಾಕಿ. ಎಲ್ಲಕ್ಕಿಂತ ಮೇಲು ತಾಯಿಯ ಎದೆ. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ ಡಾಕ್ಟರ್ ಎಡ್ಗರ್ ರೇ ಅವರು ಇನ್‌ಕ್ಯುಬೇಟರ್ ಸಾಲದಿದ್ದಾಗ ತೂಕ ಕಡಿಮೆಯ ಶಿಶುಗಳನ್ನು ತಾಯಂದಿರ ಬರಿ ಎದೆಗೆ ಒರಗಿಸಿ ಕಟ್ಟಿಸಿದರು. ಕಾಂಗರೂ ಆರೈಕೆ ಎಂಬ ಹೆಸರಿನ ಈ ಕ್ರಮವನ್ನು ಇಂದು ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡುತ್ತದೆ.

ಡಾಕ್ಟರಲ್ಲಿಂದ ಮರಳಿದ ಮೇಲೆ ಅತ್ತೆ ತಾವೇ ಫೋನ್ ಮಾಡಿದರು. ಬಾಣಲೆ ಈಗ ಹಿತ್ತಲಲ್ಲಿದೆಯಂತೆ. "ಸಾಂಬ್ರಾಣಿಯನ್ನಾದರೂ ಹಾಕಬಹುದಾ?" ಎಂದು ಕೇಳಿದರು. ಅದಕ್ಕೂ ಕೆಂಡ ಬೇಕಲ್ಲ, ಉಮ್ಮಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಟೋಪಿ ಹೆಣೆಯುತ್ತೇನೆ" ಎಂದರು.